ಯಾರು ಬೇಕ್ರಿ

ಹೊಸಪೇಟೆ
೩ ಮಾರ್ಚ್ ೨೦೨೪

ರೇವಣಸಿದ್ದ ಅವರಿಗೆ,

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈಗ ನಿಮಗೆ ಕಾಗದ ಬರೆಯುತ್ತಿದ್ದೇನೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಒಂದೆರಡು ಹಾಳೆ ಹರಿದು ಹಾಕಿದೆ. ಫೋನಿನಲ್ಲಿ ನಮ್ಮಿಬ್ಬರಿಗೆ ಆಗುವುದಿಲ್ಲ. ಎರಡನೇ ಮಾತಿಗೆ ನೀವು "ಆತು, ಇಡು" ಅಂತೀರಿ, ಇಲ್ಲದಿದ್ದರೆ ನಾನೇ ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ.

ಪಟೇಲ್ ನಗರದಲ್ಲಿ ಮಹಡಿ ಮೇಲೆ ಎರಡು ಕೋಣೆ ಸಿಕ್ಕಿವೆ. ಕಾಲೇಜಿಗೆ ನಡೆದೇ ಹೋಗಬಹುದು. ದಿನಾ ಕಂಪ್ಲಿಯಿಂದ ಬಸ್ಸಿನಲ್ಲಿ ಓಡಾಡಿ ಸಾಕಾಗಿತ್ತು, ಅದಕ್ಕೇ ಇಲ್ಲಿ ಮನೆ ಮಾಡಿದೆ ಅಂತ ಎಲ್ಲರಿಗೂ ಹೇಳಿದ್ದೇನೆ. ನಿಜ ಏನೆಂದು ನಿಮಗೆ ಗೊತ್ತಿದೆ.

ಈ ವಾರ ಕಾಲೇಜಿನಲ್ಲಿ ಮಕ್ಕಳಿಗೆ ಮನಃಶಾಸ್ತ್ರದ ಒಂದು ಪಾಠ ಮಾಡುತ್ತಿದ್ದೆ. ಗಂಡಹೆಂಡತಿ ಸಂಬಂಧ ಒಂದೇ ದಿನಕ್ಕೆ ಮುರಿಯುವುದಿಲ್ಲ. ಮೊದಲು ಒಬ್ಬರ ತಲೆಯೊಳಗೇ ಶುರುವಾಗುತ್ತದೆ. ಎದುರಿಗಿದ್ದವರ ಜೊತೆ ಆಡಬೇಕಾದ ಜಗಳವನ್ನು ಮನಸ್ಸಿನಲ್ಲೇ ಆಡಿ, ಅವರು ಕೊಡಬೇಕಾದ ಉತ್ತರವನ್ನೂ ನಾವೇ ಕೊಟ್ಟುಕೊಳ್ಳುತ್ತೇವೆ. ಆಮೇಲೆ ಎದುರುಬದುರು ಕೂತು ಮಾತಾಡುವ ಹಂತ. ಅದಾದ ಮೇಲೆ ನೆಂಟರಿಗೆ, ಊರಿಗೆ ಸುದ್ದಿ. ಕೊನೆಗೆ ಸತ್ತ ಸಂಬಂಧಕ್ಕೊಂದು ಗೋರಿ ಕಟ್ಟಿ ಸಿಂಗರಿಸುವುದು, ಅಂದರೆ ತಪ್ಪು ನನ್ನದಲ್ಲ ಅನ್ನುವ ಕಥೆಯನ್ನು ಇಬ್ಬರೂ ಬೇರೆ ಬೇರೆ ಹೆಣೆದುಕೊಳ್ಳುವುದು. ಬೋರ್ಡಿನ ಮೇಲೆ ಇದನ್ನೆಲ್ಲ ಬರೆದು ಎರಡನೇ ಹಂತದ ಕೆಳಗೆ ಗೆರೆ ಎಳೆದೆ. ಎದುರು ಕೂತು ಮಾತಾಡುವುದನ್ನು ನಾವು ಮಾಡಲೇ ಇಲ್ಲ.

ಕಾಗದದಲ್ಲಾದರೂ ಮಾಡೋಣ. ಬೈದು ಬರೆದರೂ ಅಡ್ಡಿಯಿಲ್ಲ.

ಸೌಜನ್ಯ


ಕಂಪ್ಲಿ
೧೨ ಮಾರ್ಚ್ ೨೦೨೪

ಸೌಜನ್ಯ,

ಕಾಗದ ಬಂತು. ಅಕ್ಕಿ ಮಿಲ್ಲಿನ ವಿಳಾಸಕ್ಕ ಹಾಕಿದ್ದಿ, ಹಂಗಾಗಿ ನಮ್ಮ ಆಳು ಹುಲುಗಪ್ಪ ಅದನ್ನ ಬಿಲ್ಲುಗಳ ಜೊತಿ ಇಟ್ಟುಬಿಟ್ಟಿದ್ದ. ನನಗ ನಿನ್ನಂಗ ಬರೆಯಾಕ ಬರಂಗಿಲ್ಲ. ಮಾತಾಡಿದಂಗ ಬರೀತೀನಿ, ತಪ್ಪು ತಿದ್ದಬ್ಯಾಡ.

ಹಂತ ಗಿಂತ ನನಗ ತಿಳಿಯಂಗಿಲ್ಲ. ಅಪ್ಪ ತೀರಿಕೊಂಡ ದಿನದಿಂದ ನೀನು ನನ್ನ ಮುಖ ನೋಡಿ ಮಾತಾಡಿಲ್ಲ, ಅಷ್ಟು ಗೊತ್ತು. ಅವತ್ತು ನಾನು ಬಳ್ಳಾರಿಗೆ ಹೋಗಿದ್ದೆ. ಅವ್ವ ಗುಡಿಗೆ ಹೋಗಿದ್ಲು. ಅಪ್ಪನ ಹತ್ರ ನೀನೊಬ್ಬಾಕಿನ ಇದ್ದಿ. ಏನಾತು ಅಂತ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಆಮ್ಯಾಲ ಕೇಳೋ ಹೊತ್ತು ದಾಟಿಹೋತು.

ಇರ್ಲಿ. ಅವ್ವ ಗಂಗಾವತಿಗೆ ತಂಗಿ ಮನಿಗೆ ಹೋಗ್ಯಾಳ. ಮನಿ ಬಿಕೋ ಅಂತೈತಿ.

ಮೊನ್ನೆ ಭಾನುವಾರ ಬಂದಾಕಿ ಯಾಕ ಒಂದು ಮಾತೂ ಆಡದಂಗ ಹೋದಿ? ಮಧ್ಯಾಹ್ನ ಮಿಲ್ ಬಂದ್ ಮಾಡಿ ಮನಿಗೆ ಬಂದ್ರ ಪಡಸಾಲ್ಯಾಗ ಕುಂತಿದ್ದಿ. ಸಾಸಿವಿ ಬಣ್ಣದ ಸೀರಿ. "ಯಾವಾಗ ಬಂದಿ" ಅಂದೆ. ಸುಮ್ನ ನೋಡಿದಿ. ನೀರು ತರಾಕ ಒಳಗ ಹೋಗಿ ಬರೋದ್ರಾಗ ಇಲ್ಲ. ಸಿಟ್ಟಿದ್ರ ಬೈದು ಹೋಗಬೇಕಿತ್ತು. ಬಂದು, ಕುಂತು, ಸುಮ್ನ ಎದ್ದು ಹೋಗೋದು ನಿನ್ನ ಪಾಠದಾಗ ಯಾವ ಹಂತ?

ರೇವಣಸಿದ್ದ


ಹೊಸಪೇಟೆ
೧೫ ಮಾರ್ಚ್ ೨೦೨೪

ರೇವಣಸಿದ್ದ ಅವರಿಗೆ,

ನಾನು ಬಂದಿಲ್ಲ. ಆ ಭಾನುವಾರ ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆ. ಮಧ್ಯಾಹ್ನವೆಲ್ಲ ಹಂಪಿ ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಕೂತಿದ್ದೆ, ಬೇಕಾದರೆ ಯಾರನ್ನಾದರೂ ಕೇಳಿ. ಸಾಸಿವೆ ಬಣ್ಣದ ಸೀರೆ ನಿಮ್ಮ ಮನೆಯ ಬೀರುವಿನಲ್ಲೇ ಇದೆ, ನಾನು ತಂದಿಲ್ಲ.

ತಮಾಷೆಗೆ ಬರೆದಿದ್ದರೆ ಚೆನ್ನಾಗಿಲ್ಲ. ತಮಾಷೆ ಅಲ್ಲದಿದ್ದರೆ ನೇರವಾಗಿ ಕೇಳುತ್ತೇನೆ. ಮನೆಗೆ ಯಾರೋ ಬರುತ್ತಿದ್ದಾರೆಯೆ? ನನ್ನ ಸೀರೆ ಉಟ್ಟು ಪಡಸಾಲೆಯಲ್ಲಿ ಕೂರುವಷ್ಟು ಸಲಿಗೆ ಯಾರಿಗೆ ಕೊಟ್ಟಿದ್ದೀರಿ? ಇದ್ದರೆ ಇದೆ ಅನ್ನಿ. ಅದನ್ನು ನನ್ನ ಹೆಸರಿನಲ್ಲಿ ಹೇಳಬೇಡಿ.

ಇನ್ನೊಂದು. ಇಲ್ಲಿಗೆ ಬಂದ ಮೇಲೆ ಕೂದಲು ಹೆಗಲಿನ ತನಕ ಕತ್ತರಿಸಿಕೊಂಡಿದ್ದೇನೆ. ಕಂಪ್ಲಿಯವರು ಯಾರೂ ನೋಡಿಲ್ಲ. ಬಂದವಳ ಜಡೆ ಎಷ್ಟುದ್ದ ಇತ್ತು, ಬರೆಯಿರಿ.

ಸೌಜನ್ಯ


ಕಂಪ್ಲಿ
೨ ಏಪ್ರಿಲ್ ೨೦೨೪

ಸೌಜನ್ಯ,

ಯಾವಾಕಿನೂ ಇಲ್ಲ. ಹಂಗ ಕೇಳಿದ್ದಕ್ಕ ಭಾಳ ಸಿಟ್ಟು ಬಂದಿತ್ತು, ಅದಕ್ಕ ಇಷ್ಟು ದಿನ ಬರೀಲಿಲ್ಲ. ಈಗ ಸಿಟ್ಟಿಲ್ಲ. ಯಾಕಂದ್ರ ನೀನು ಆಟ ಆಡಾಕ್ಹತ್ತಿ ಅಂತ ಗೊತ್ತಾತು.

ಅವತ್ತು ಜಡಿ ಉದ್ದನ ಇತ್ತು. ಆದ್ರ ನಿನ್ನ ಕಾಗದ ಓದಿದ ಮರುದಿನ ಮತ್ತ ಬಂದಿ ನೋಡು, ಕೂದಲು ಹೆಗಲಿಗೆ ಇತ್ತು. ನೀನು ಬರೆದಂಗ. ಈಗೂ ಬಂದಿಲ್ಲ ಅಂತಿ ಏನು? ಹುಲುಗಪ್ಪನೂ ನೋಡ್ಯಾನ. "ಅಕ್ಕಾರು ಬಂದಾರ, ಚಾ ತರ್ಲ್ಯಾ" ಅಂತ ಅವನ ಬಂದು ಕೇಳಿದ.

ಈಗೀಗ ಮಾತಾಡ್ತಿ. ಮಿಲ್ ಬಂದ್ ಆದ ಮ್ಯಾಲ ಆ ಸದ್ದು ನಿಂತು ಕಿವಿ ಗುಂಯ್ ಅಂತಿರ್ತದಲ್ಲ, ಆ ಹೊತ್ತಿಗೆ ಬರ್ತಿ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕುಂದ್ರತಿ. ನೀನು ಇಷ್ಟು ಸಮಾಧಾನದಾಕಿ ಅಂತ ನನಗ ಗೊತ್ತಿರಲಿಲ್ಲ. ಕಾಗದದಾಗ ಯಾಕ ಅಷ್ಟು ಬಿರುಸು? ಮನಿಗೆ ಬಂದಾಗ ಇದ್ದಂಗ ಬರಿ.

ಉಣ್ಣಾಕ ಒಲ್ಲೆ ಅಂತಿ, ಅದೊಂದ ಬ್ಯಾಸರ.

ರೇವಣ


ಹೊಸಪೇಟೆ
೬ ಏಪ್ರಿಲ್ ೨೦೨೪

ರೀ,

ಕಾಗದ ಓದಿದ ಕೂಡಲೇ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಮಧ್ಯಾಹ್ನದ ಹೊತ್ತು.

ಸಿಟ್ಟಿನಿಂದ ಬರೆಯುತ್ತಿಲ್ಲ, ಹೆದರಿ ಬರೆಯುತ್ತಿದ್ದೇನೆ. ನಾನು ಕಂಪ್ಲಿಗೆ ಕಾಲಿಡದೆ ತಿಂಗಳ ಮೇಲಾಯಿತು. ಮನಸ್ಸಿಗೆ ಭಾಳ ಒತ್ತಡವಾದಾಗ ಇಲ್ಲದವರು ಕಾಣುತ್ತಾರೆ, ಮಾತಾಡುತ್ತಾರೆ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಬಳ್ಳಾರಿಯಲ್ಲಿ ನನಗೆ ಗೊತ್ತಿರುವ ಡಾಕ್ಟರು ಒಬ್ಬರಿದ್ದಾರೆ, ಜೊತೆಗೆ ನಾನೇ ಬರುತ್ತೇನೆ. ಹುಲುಗಪ್ಪ ನಿಮಗೆ ಹೂಂಗುಟ್ಟಲು ಹಾಗೆ ಅಂದಿರಬೇಕು.

ನಾನು ನಿಮ್ಮ ಎದುರು ಬಂದು ಕೂತರೆ ಸಮಾಧಾನವಾಗಿ ಇರುವುದಿಲ್ಲ. ಅದನ್ನು ಮರೆಯಬೇಡಿ.

ಜಲ್ದಿ ಬರೆಯಿರಿ.

ಸೌಜನ್ಯ


ಹೊಸಪೇಟೆ
೨೯ ಏಪ್ರಿಲ್ ೨೦೨೪

ರೀ,

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ನಡುವೆ ಇನ್ನೊಂದು ಬರೆದೆ, ಅದಕ್ಕೂ ಇಲ್ಲ.

ನಿಮ್ಮ ಪಕ್ಕದ ಮನೆ ಯಮನಮ್ಮ ಫೋನ್ ಮಾಡಿದ್ದರು. "ಚಲೋ ಮಾಡಿದೆವ್ವಾ, ಮನಿಗೆ ಬಂದಿ. ಮನ್ಯಾಗ ಮಾತು ಕೇಳಿಸ್ತಾವ, ನಮಗೂ ಸಂತೋಷ" ಅಂದರು. ನಾನು ಹೊಸಪೇಟೆಯಲ್ಲಿ ಇದ್ದೇನೆ ಅಂದೆ. "ಹೂಂ, ಮಧ್ಯಾಹ್ನಕ್ಕ ಬರ್ತಿಯಲ್ಲ" ಅಂದರು.

ಅದಕ್ಕೇ ನಮ್ಮ ಅಪ್ಪನನ್ನು ಸಂಡೂರಿನಿಂದ ನಿಮ್ಮಲ್ಲಿಗೆ ಕಳಿಸಿದೆ. ನಿಮ್ಮನ್ನು ಕಣ್ಣಾರೆ ನೋಡಿ ಬರಲಿ ಅಂತ. ಅಪ್ಪ ನಿಮಗೆ ಗೊತ್ತಲ್ಲ, ಗಣಿಯಲ್ಲಿ ಕೆಲಸ ಮಾಡಿ ಬಂದವರು, ಕಂಡದ್ದನ್ನು ಬಿಟ್ಟು ಇನ್ನೊಂದು ಹೇಳುವವರಲ್ಲ. ತಿರುಗಿ ಹೋಗುವಾಗ ನನ್ನ ಕೋಣೆಗೆ ಬರದೆ ಸೀದಾ ಸಂಡೂರಿಗೆ ಹೋಗಿಬಿಟ್ಟರು. ಸಂಜೆ ನಾನೇ ಫೋನ್ ಮಾಡಿದೆ.

"ಯಾಕಪ್ಪಾ, ನನ್ನ ನೋಡದೆ ಹೋದಿ?"

"ಅಲ್ಲೇ ನೋಡಿದ್ನಲ್ಲವ್ವಾ," ಅಂದರು. "ನೀನ ಚಾ ಕೊಟ್ಟಿ. ಮಾತಾಡಲಿಲ್ಲ, ಇರ್ಲಿ. ಗಂಡ ಹೆಂಡ್ತಿ ಒಂದ ಕಡೆ ಇದ್ದೀರಿ, ನನಗ ಅಷ್ಟ ಸಾಕು."

ಹೆತ್ತ ಅಪ್ಪ ಹೀಗಂದ ಮೇಲೆ ನಾನು ಫೋನ್ ಇಟ್ಟು ಕನ್ನಡಿ ಮುಂದೆ ನಿಂತೆ. ಸುಮ್ಮನೆ ನಿಂತೆ, ಯಾಕೆ ಅಂತ ಕೇಳಬೇಡಿ.

ಎಲೆಕ್ಷನ್ ಡ್ಯೂಟಿ ಹಾಕಿದ್ದಾರೆ. ಅದು ಮುಗಿದ ಕೂಡಲೇ ಬರುತ್ತೇನೆ.

ಸೌಜನ್ಯ


ಹೊಸಪೇಟೆ
೧೦ ಮೇ ೨೦೨೪

ರೇವಣಸಿದ್ದ ಅವರಿಗೆ,

ನಿನ್ನೆ ಬಂದಿದ್ದೆ.

ದರೋಜಿ ಕಡೆ ಬೂತಿನಲ್ಲಿ ಎಲೆಕ್ಷನ್ ಕೆಲಸ ಮುಗಿಸಿ, ಒಂದು ದಿನ ಮಲಗಿ ಎದ್ದು, ಕಂಪ್ಲಿ ಬಸ್ಸು ಹತ್ತಿದೆ. ಬುಕ್ಕಸಾಗರ ದಾಟುವಾಗ ಗದ್ದೆಗಳೆಲ್ಲ ಕೊಯ್ಲಾಗಿ ಬೋಳಾಗಿದ್ದವು. ಇಳಿದು ನಡೆದು ಬರುವಾಗ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ, ಅಂಥ ಬಿಸಿಲು. ಮಿಲ್ಲು ನಿಂತಿತ್ತು. ಹೊಟ್ಟಿನ ಧೂಳು ಗಾಳಿಯಲ್ಲಿ ಹಾಗೇ ತೂಗುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ.

ಪಡಸಾಲೆಯ ಕಿಟಕಿ ತೆರೆದಿತ್ತು. ನೀವು ಊಟಕ್ಕೆ ಕೂತಿದ್ದಿರಿ. ನಿಮ್ಮೆದುರು ಅವಳು. ನನ್ನ ಕಡೆಗೆ ಬೆನ್ನು. ಹೆಗಲು ನನ್ನದು, ಕೂದಲು ನನ್ನದು. ನಾನು ನನ್ನ ಬೆನ್ನನ್ನು ನೋಡಿಕೊಂಡವಳಲ್ಲ, ಆದರೂ ಗುರುತು ಹತ್ತಿತು. ಅವಳ ಮುಂದಿನ ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ. ಮುಟ್ಟಿರಲಿಲ್ಲ. ಮಿಲ್ಲಿನ ಬೆಲ್ಟ್ ಹರಿದದ್ದು, ಗಂಗಾವತಿಯ ವ್ಯಾಪಾರಿ ನಿಮ್ಮನ್ನು ಕಾಯಿಸಿದ್ದು, ಎಲ್ಲ ಅವಳಿಗೆ ಹೇಳುತ್ತಿದ್ದಿರಿ. ನಗುತ್ತಿದ್ದಿರಿ. ಆ ನಗು ನಾನು ನೋಡಿ ಎಷ್ಟು ಕಾಲವಾಯಿತು. ಅವಳು ನನ್ನ ದನಿಯಲ್ಲಿ ಅಂದಳು: "ಹೂಂ ರೀ, ನೀವು ಅಂದದ್ದ ಸರಿ."

ಆ ಮಾತು ನಾನು ಜನ್ಮದಲ್ಲಿ ಆಡಿಲ್ಲ.

ನಿಮ್ಮ ಹೆಸರು ಹಿಡಿದು ಕರೆದೆ. ನೀವು ಎದ್ದು ಎಂಜಲುಗೈಯಲ್ಲೇ ಕಿಟಕಿಗೆ ಬಂದಿರಿ. ನನ್ನನ್ನು ಚೆನ್ನಾಗಿ ನೋಡಿದಿರಿ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದಿರಿ.

"ಯಾರು ಬೇಕ್ರಿ?"

ನೀವು ನಟಿಸಿದರೆ ನನಗೆ ಗೊತ್ತಾಗುತ್ತದೆ. ನೀವು ನಟಿಸುತ್ತಿರಲಿಲ್ಲ.

"ಯಾರೂ ಇಲ್ರಿ, ಮನಿ ತಪ್ಪಿತು," ಅಂದೆ. ಅವಳು ತಿರುಗಿ ನೋಡಲಿಲ್ಲ. ಬಸ್ ಸ್ಟ್ಯಾಂಡಿಗೆ ಬರುವ ತನಕ ಅಳು ಬರಲಿಲ್ಲ. ಅಲ್ಲಿ ಒಂದು ಸೋಡಾ ಕುಡಿದು ಅತ್ತೆ.

ನಿಮಗೆ ಬೇಕಾದವಳು ನಿಮ್ಮ ಮನೆಯಲ್ಲಿದ್ದಾಳೆ. ನಾನು ಇನ್ನು ಬರುವುದಿಲ್ಲ.

ಸೌಜನ್ಯ


ಕಂಪ್ಲಿ
೧೯ ಮೇ ೨೦೨೪

ಸೌಜನ್ಯ,

ಬಂದಾಕಿ ನೀನು ಅಂತ ನಿನ್ನ ಕಾಗದಕ್ಕಿಂತ ಮೊದಲ ಗೊತ್ತಾಗಿತ್ತು. ಕಿಟಕ್ಯಾಗ ನೋಡಿದಾಗ ಯಾರೋ ಟೀಚರ್ ಚಂದಾ ಕೇಳಾಕ ಬಂದಾರ ಅನ್ನಿಸ್ತು. ನನ್ನ ಕಣ್ಣಿಗೆ ಹಂಗ ಕಂಡಿ, ಯಾಕಂತ ನಾನು ಹೇಳಲಾರೆ. ನೀನು ಹೋಗುವಾಗ ಗೇಟು ಜಗ್ಗಿದಿ. ಅದರ ಚಿಲಕ ಕುಂದ್ರಲಿಲ್ಲ. ಕಾಲಿಲೆ ಒದ್ದಿ. ಗೇಟಿಗೆ ಹಂಗ ಒದಿಯಾಕಿ ನೀನೊಬ್ಬಾಕಿನ. ಓಡಿ ಬೀದಿಗೆ ಬರೋದ್ರಾಗ ನೀನು ತಿರುವಿನ್ಯಾಗ ಇದ್ದಿ. ನೀನು ಮರಿಯಾಗೋತನ ನೋಡಿದೆ.

ಒಳಗ ಬಂದೆ. ಅಕಿ ಹಂಗ ಕುಂತಿದ್ಲು. ಎಂದೂ ಕೇಳದ್ದನ್ನ ಅವತ್ತು ಕೇಳಿದೆ. "ಅಪ್ಪ ಹೋಗೋವಾಗ ಏನಂದ?"

"ನಿಮ್ಮನ್ನ ನೆನಸಿಕೊಂಡು ಸುಖವಾಗಿ ಹೋದ್ರು," ಅಂದ್ಲು.

ನನಗ ಅದ ಬೇಕಾಗಿತ್ತು. ಅದಕ್ಕ ಅಂಜಿಕಿ ಬಂತು. "ಆಮ್ಯಾಲ?" ಅಂದೆ. ಮತ್ತ ಅದನ್ನ ಅಂದ್ಲು, ಅದ ದನಿ, ಅದ ನಗು. "ಸಣ್ಣಾಕಿ ಇದ್ದಾಗ ಸಂಡೂರಾಗ ನಿನ್ನ ಗೆಳತಿ ಯಾರಿದ್ರು?" ಅಂತ ಕೇಳಿದೆ. ಸುಮ್ನ ಕುಂತ್ಲು. "ಎದಕ್ಕ ಹೆದರ್ತಿ?" ಸುಮ್ನ. ನನಗ ಗೊತ್ತಿರೋದಷ್ಟ ಅಕಿಗೆ ಗೊತ್ತು ಸೌಜನ್ಯ. ನನಗ ಗೊತ್ತಿಲ್ಲದ್ದು ಒಂದೂ ಗೊತ್ತಿಲ್ಲ. ಕೇಳ್ತಾ ಹೋದಂಗ ನಿನ್ನ ಬಗ್ಗೆ ನನಗ ಎಷ್ಟು ಕಮ್ಮಿ ಗೊತ್ತು ಅಂತ ತಿಳೀತು. ಅಷ್ಟರಾಗ ಒಂದು ಹೆಣ್ಣನ್ನ ಮಾಡಿಕೊಂಡು ಕುಂತಿದ್ದೆ.

ಅಕಿ ಈಗ ಹೊತ್ತಿಲ್ಲದ ಹೊತ್ತಿನ್ಯಾಗೂ ಇರ್ತಾಳ. ನಾ ಇದನ್ನ ಬರೆಯೋದು ನೋಡ್ತಾಳ.

ಅಪ್ಪ ಏನಂದ? ನೀನ ಬರಿ.

ರೇವಣ


ಹೊಸಪೇಟೆ
೨೨ ಮೇ ೨೦೨೪

ರೀ,

ಬರೆಯುವುದಿಲ್ಲ. ಬರೆದರೆ ನೀವು ಓದುತ್ತೀರಿ, ಓದಿದ್ದೆಲ್ಲ ಅವಳಿಗೂ ಹೋಗುತ್ತದೆ. ಕೂದಲು ಕತ್ತರಿಸಿದ್ದನ್ನು ನಾನು ಬರೆದೆ, ಮರುದಿನವೇ ಅವಳ ಕೂದಲು ಗಿಡ್ಡವಾಯಿತು. ಇಷ್ಟು ದಿನ ನಾನೇ ಅವಳನ್ನು ಬೆಳೆಸಿದ್ದೇನೆ. ನಿಮ್ಮ ಅಪ್ಪನ ಕೊನೆಯ ಮಾತನ್ನು ಅವಳ ಬಾಯಿಂದ ನೀವು ಕೇಳುವುದು ನನಗೆ ಬೇಡ.

ಇದು ಬಾಯಲ್ಲೇ ಹೇಳುವ ಮಾತು. ಮಂಗಳವಾರ ನನಗೆ ಕ್ಲಾಸಿಲ್ಲ. ಹೊಸಪೇಟೆಗೆ ಬನ್ನಿ. ಪಟೇಲ್ ನಗರ, ಹಾಲಸ್ವಾಮಿ ಅವರ ಹಿಟ್ಟಿನ ಗಿರಣಿ ಮೇಲಿನ ಮನೆ. ಮತ್ತೆ ಒಂದಾಗೋಣ ಅಂತ ಕರೆಯುತ್ತಿಲ್ಲ. ಬನ್ನಿ, ಅಷ್ಟೆ.

ಸೌಜನ್ಯ


ಕಂಪ್ಲಿ
೩೦ ಮೇ ೨೦೨೪

ಸೌಜನ್ಯ,

ಮಂಗಳವಾರ ಬರಾಕ ಆಗಲಿಲ್ಲ. ಬೆಳಿಗ್ಗೆ ತಯಾರಾಗಿ ನಿಂತಿದ್ದೆ, ಗಂಗಾವತಿಯಿಂದ ತಂಗಿ ಫೋನು, ಅವ್ವ ತಲಿ ಸುತ್ತಿ ಬಿದ್ದಾಳ ಅಂತ. ದಿನವೆಲ್ಲ ದವಾಖಾನ್ಯಾಗ ಇದ್ದೆ. ಈಗ ಆರಾಮ ಅದಾಳ. ಮಧ್ಯಾಹ್ನ ಅಲ್ಲಿಂದ ನಿನಗ ಮ್ಯಾಲಿಂದ ಮ್ಯಾಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಸಿಟ್ಟಾಗಿದ್ದಿ ಅಂತ ತಿಳಕೊಂಡೆ. ಸಿಟ್ಟಾಗೋದು ಸರಿನ.

ಜೂನ್ ಏಳು, ಶುಕ್ರವಾರ ಬರ್ತೀನಿ. ಅಕಿ ಬ್ಯಾಡ ಅಂತಾಳ. ಬರ್ತೀನಿ.

ರೇವಣ


ಹೊಸಪೇಟೆ
೨ ಜೂನ್ ೨೦೨೪

ರೀ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಇದನ್ನು ಹೇಗೆ ಬರೆಯಲಿ.

ಮಂಗಳವಾರ ನೀವು ಬಂದಿದ್ದಿರಿ.

ಮಧ್ಯಾಹ್ನ ಕೆಳಗೆ ಗಿರಣಿ ನಿಂತ ಮೇಲೆ. ಬಾಗಿಲು ಬಡಿದ ನೆನಪಿಲ್ಲ, ತಿರುಗಿ ನೋಡಿದರೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಿರಿ. ಬಿಳಿ ಅಂಗಿ. "ತಪ್ಪೆಲ್ಲ ನಂದ" ಅಂದಿರಿ. ಎಷ್ಟು ವರ್ಷ ನನ್ನ ತಲೆಯೊಳಗೆ ಆ ಮಾತನ್ನು ನಿಮ್ಮ ಬಾಯಲ್ಲಿ ಹಾಕಿ ಕೇಳಿದ್ದೆನೋ. ಕೂತು ಎಲ್ಲ ಹೇಳಿಕೊಂಡೆ, ಮಿಲ್ಲು, ನಿಮ್ಮ ಅವ್ವ, ನನ್ನ ಕೆಲಸದ ಬಗ್ಗೆ ನೀವಾಡಿದ ಮಾತು. ಪ್ರತಿಯೊಂದಕ್ಕೂ "ಹೌದು, ನೀ ಅಂದದ್ದ ಸರಿ" ಅಂದಿರಿ. ನಡುವೆ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಈ ಹೊತ್ತಿನಲ್ಲಿ ಯಾರು ಅಡ್ಡ ಬರುವುದು ಅಂತ ಅದನ್ನು ಬೋರಲು ಹಾಕಿದೆ. ಹೆಸರು ನೋಡಲಿಲ್ಲ.

ಹೋದ ಮೇಲೆ ನೋಡಿದರೆ ನಾನಿಟ್ಟ ಚಹಾ ಕೆನೆಗಟ್ಟಿ ಹಾಗೇ ಇತ್ತು. ಆಗಲೂ ನನಗೆ ಹೊಳೆಯಲಿಲ್ಲ. ಅಂಥ ಸಮಾಧಾನವಾಗಿತ್ತು ರೀ. ಪಾಠ ಹೇಳುವವಳು ನಾನು. ನಿಮಗೆ ಡಾಕ್ಟರ ಹೆಸರು ಕೊಟ್ಟವಳು ನಾನು.

ಒಂದೇ ಪುಣ್ಯ. ನಿಮ್ಮ ಅಪ್ಪನ ಮಾತು ಹೇಳಹೋದರೆ ಆತ "ಬ್ಯಾಡ ಬಿಡು" ಅಂದ.

ಶುಕ್ರವಾರ ಬನ್ನಿ. ಬಾಗಿಲ ಹೊರಗೇ ನಿಂತು, ಮೊದಲು ನನಗೆ ಹಿಡಿಸದ ಮಾತೊಂದು ಆಡಿ. ಆಮೇಲೆ ಬಾಗಿಲು ತೆಗೆಯುತ್ತೇನೆ.

ಸೌಜನ್ಯ


ಹೊಸಪೇಟೆ
೮ ಜೂನ್ ೨೦೨೪

ರೇವಣ,

ನೀವು ಕಂಪ್ಲಿ ಮುಟ್ಟಿ ಮಲಗಿ ಎದ್ದಿರಬಹುದು. ನಿನ್ನೆ ಆದದ್ದು ನಿಜವಾಗಿ ಆಯಿತು ಅಂತ ನನಗೇ ಖಾತ್ರಿ ಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಬಾಗಿಲು ಬಡಿದಿರಿ. ನಾನು ಒಳಗಿನಿಂದ ಯಾರು ಅಂದೆ. "ಕೂದಲು ಕತ್ತರಿಸಿಕೊಂಡು ಭಾಳ ಕೆಟ್ಟ ಕಾಣ್ತಿ, ಅವತ್ತ ಕಿಟಕ್ಯಾಗ ನೋಡಿದಾಗ ಹೇಳಬೇಕಂದಿದ್ದೆ" ಅಂದಿರಿ. ಮೈ ಉರಿಯಿತು. ಬಾಗಿಲು ತೆಗೆದೆ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಒಂದು ತಂಬಿಗೆ ನೀರು ಗಟಗಟ ಕುಡಿದಿರಿ. ನೀರು ಕುಡಿಯುವುದನ್ನು ನೋಡುತ್ತಾ ನನಗೆ ಜೀವ ಬಂತು.

ನಿಮ್ಮ ಅಪ್ಪ ನನ್ನ ಕೈಯನ್ನು ನಿಮ್ಮ ಕೈ ಅಂತ ತಿಳಿದು ಹಿಡಿದುಕೊಂಡರು ಅಂದೆ. "ರೇವಣ, ನಿನ್ನ ಓದು ಬಿಡಿಸಿ ಮಿಲ್ಲಿಗೆ ಕುಂದ್ರಿಸಬಾರದಿತ್ತು, ಮನಸಿನ್ಯಾಗ ಇಟ್ಕೊಬ್ಯಾಡ" ಅಂದರು. ನಾನು ನಿಮ್ಮ ಬದಲು "ಹೂಂ ಅಪ್ಪಾ" ಅಂದೆ. ಅವರು ಹೋದರು. ನಿಮಗೆ ಸೇರಬೇಕಾದ ಮಾತು ನನ್ನ ಹತ್ತಿರ ಉಳಿಯಿತು, ಕೊಡುವುದು ಹೇಗೆಂದು ತಿಳಿಯಲಿಲ್ಲ, ಅದಕ್ಕೇ ನಿಮ್ಮ ಮುಖ ನೋಡಲಾಗಲಿಲ್ಲ. ನೀವು ಇದನ್ನು ಕೇಳಿ ನನ್ನನ್ನು ತಬ್ಬಿಕೊಳ್ಳಲಿಲ್ಲ. ಎದ್ದು ನಿಂತು ಕೂಗಾಡಿದಿರಿ. "ಅದು ನನ್ನ ಮಾತು, ಇಷ್ಟು ವರ್ಷ ಯಾವ ಅಧಿಕಾರದ ಮ್ಯಾಲ ಇಟ್ಕೊಂಡಿದ್ದಿ?" ನಾನೂ ಕೂಗಾಡಿದೆ. ನೀವು ಯಾಕೆ ಕೇಳಲಿಲ್ಲ ಅಂದೆ. ಕೆಳಗೆ ಹಾಲಸ್ವಾಮಿ ಅವರು ಗಿರಣಿ ನಿಲ್ಲಿಸಿ ಕೇಳಿಸಿಕೊಂಡರಂತೆ. ಆಮೇಲೆ ಅತ್ತಿರಿ. ಆಮೇಲೆ ಹಸಿವು ಅಂದಿರಿ. ನನ್ನ ಸಾರಿಗೆ ಉಪ್ಪು ಕಮ್ಮಿ ಅಂತ ಹೇಳಿ ಎರಡು ಸಲ ಹಾಕಿಸಿಕೊಂಡು ಉಂಡಿರಿ.

ನಾನು ಕಂಪ್ಲಿಗೆ ಬರುವುದಿಲ್ಲ. ಮುಂದೆ ಬರುತ್ತೇನೋ ಗೊತ್ತಿಲ್ಲ, ನೀವೂ ಒತ್ತಾಯ ಮಾಡಲಿಲ್ಲ. ಭಾನುವಾರಕ್ಕೊಮ್ಮೆ ನೀವೇ ಇಲ್ಲಿಗೆ ಬರುವುದು ಅಂತ ಆಗಿದೆ. ಅಷ್ಟೇ ಆಗಿರುವುದು. ಸಂಬಂಧ ಉಳಿಯಿತು ಅಂತ ಊರಿಗೆ ಹೇಳಬೇಡಿ.

ನಿಮ್ಮನ್ನು ಬೀದಿ ತನಕ ಕಳಿಸಿ ಮಹಡಿ ಹತ್ತಿ ಬಂದೆ. ಕುರ್ಚಿಯಲ್ಲಿ ಆತ ಇದ್ದ. ಬಿಳಿ ಅಂಗಿ, ಒಂದು ಹನಿ ಬೆವರಿಲ್ಲ. "ಭಾಳ ನೋಯಿಸಿದ ಏನು?" ಅಂತ ಮೆತ್ತಗೆ ಕೇಳಿದ. ಹೂಂ ಅನ್ನುವುದು ಬಾಯಿ ತನಕ ಬಂದಿತ್ತು. ಅನ್ನಲಿಲ್ಲ. ಪಾತ್ರೆ ತಿಕ್ಕಿದೆ, ನೆಲ ಒರೆಸಿದೆ, ಕುರ್ಚಿಯ ಸುತ್ತಲೂ ಒರೆಸಿದೆ. ಇದನ್ನು ಬರೆಯುವಾಗಲೂ ಅಲ್ಲೇ ಇದ್ದಾನೆ. ಸ್ವಲ್ಪ ತೆಳ್ಳಗಾಗಿದ್ದಾನೆ ಅನ್ನಿಸುತ್ತದೆ, ಕುರ್ಚಿಯ ಬೆನ್ನಿನ ಹೆಣಿಗೆ ಆತನ ಅಂಗಿಯ ಮೂಲಕವೇ ಕಾಣುತ್ತಿದೆ.

ಅಲ್ಲಿ ಅಕಿ ಏನಾರ ಅಂದ್ರ ಉತ್ತರ ಕೊಡಬ್ಯಾಡ್ರಿ. ಚಲೋ ಮಾತಾಡಿದ್ರೂ ಕೊಡಬ್ಯಾಡ್ರಿ. ಕೇಳೋದಿದ್ರ ಭಾನುವಾರ ನನ್ನನ್ನ ಕೇಳ್ರಿ.

ಸೌಜನ್ಯ